ಸಂಸಾರ ಹೆಚ್ಚಿದೆ, ಬೇಗ ಬನ್ನಿ

ಮೊನ್ನೆ ನನ್ನ ನಾದಿನಿ ಸಾವಿತ್ರಿಯ ಮೊಮ್ಮಗಳ ಮದುವೆಗೆ ಹೋಗಿದ್ದೆ. ಛತ್ರದ ಒಳಕೋಣೆಯಲ್ಲಿ ಮದುವಣಗಿತ್ತಿಯನ್ನು ಸಿಂಗರಿಸುತ್ತಿದ್ದರು. ಆ ಹುಡುಗಿಗೆ ಅಂಟಿಸುವ ಬೊಟ್ಟು ಆಗಿಬರುವುದಿಲ್ಲ, ಹಣೆಯೆಲ್ಲ ಕೆಂಪಾಗಿ ಕೆರೆಯುತ್ತದಂತೆ. ಯಾರೋ ಪುಣ್ಯಾತ್ಗಿತ್ತಿ ಎಲ್ಲಿಂದಲೋ ಜೇನುಮೇಣದ ಪುಟ್ಟ ಡಬ್ಬಿ ಹುಡುಕಿ ತಂದಿದ್ದಳು. ಹಳೇ ಕಾಲದ ಹಾಗೆ ಮೇಣ ಸವರಿ ಅದರ ಮೇಲೆ ಕುಂಕುಮ ಒತ್ತೋಣ ಎಂದು. ಮುಚ್ಚಳ ತೆಗೆದಳು, ಅಷ್ಟೇ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಛತ್ರವೂ ಇಲ್ಲ, ವಾಲಗವೂ ಇಲ್ಲ, ನಾನು ಲಕ್ಷ್ಮೀಪುರದ ಒಂದು ಹಿತ್ತಲಿನಲ್ಲಿ, ಸೀಬೆಮರದ ಕೆಳಗೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದೆ. ‘ಅಜ್ಜಿ, ಕಾಫಿ ತಗೊಳ್ಳಿ’ ಎಂದು ಒಂದು ಹುಡುಗಿ ಮೂರು ಸಲ ಕೂಗಿದಳಂತೆ. ಪಾಪ, ಅಜ್ಜಿಗೆ ಕಿವಿ ಹೋಗಿದೆ ಎಂದುಕೊಂಡಿರಬೇಕು. ಕಿವಿ ನೆಟ್ಟಗೇ ಇದೆ. ಆಗ ಅದು ಬೇರೇನನ್ನೋ ಕೇಳಿಸಿಕೊಳ್ಳುತ್ತಿತ್ತು.

ಆ ಹಿತ್ತಲು ನನ್ನ ಅತ್ತೆಯದು. ನಾನು ಸೊಸೆಯಾಗಿ ಆ ಮನೆಗೆ ಬಂದದ್ದು ಸ್ವಾತಂತ್ರ್ಯ ಬಂದ ಮರುವರ್ಷ. ನನ್ನ ತವರು ಲಷ್ಕರ್ ಮೊಹಲ್ಲಾ. ಅಲ್ಲಿ ಹಿತ್ತಲು ಎಂದರೆ ನಲ್ಲಿಕಟ್ಟೆ, ಆಕಾಶ ಎಂದರೆ ಎರಡು ಮಾಳಿಗೆಗಳ ನಡುವಿನ ಸಂದು. ಅಂಥವಳಿಗೆ ಲಕ್ಷ್ಮೀಪುರದ ಮನೆ ಅರಮನೆಯೇ ಆಯಿತು. ಮನೆಯಲ್ಲಿ ನಾವು ಮೂವರೇ. ಅತ್ತೆ, ಕಚೇರಿಯಲ್ಲಿ ಕೋರ್ಟು ಕಾಗದಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡುತ್ತಿದ್ದ ನಮ್ಮ ಯಜಮಾನರು, ನಾನು. ಸಾವಿತ್ರಿ ಆಗಲೇ ಮದುವೆಯಾಗಿ ಹಾಸನ ಸೇರಿದ್ದಳು.

ಅತ್ತೆ ನರಸೀಪುರದ ಕಡೆಯ ಒಕ್ಕಲು ಮನೆತನದವರು. ಓದು ಬರಹ ಇಲ್ಲ. ಗಂಡ ತೀರಿಕೊಂಡ ಮೇಲೆ ಮಗನ ಓದಿಗಾಗಿ ಪಟ್ಟಣಕ್ಕೆ ಬಂದವರು. ಅವರಿಗೆ ಮೈಸೂರಿನಲ್ಲಿ ಒಂದೇ ಒಂದು ಕೊರತೆ: ದನಕರು ಕಟ್ಟಲು ಜಾಗವಿಲ್ಲ. ಕೈಗೆ ಕೆಲಸವಿಲ್ಲದೆ ಮೈ ನೋಯುತ್ತದೆ ಎನ್ನುತ್ತಿದ್ದರು. ಹೀಗಿರುವಾಗ ಒಂದು ದಿನ, ಜೇನು ಸಾಕುವುದನ್ನು ಮನೆಮನೆಗೆ ಕಲಿಸುವ ಒಬ್ಬ ಸರ್ಕಾರಿ ನೌಕರರು ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ ಕಟ್ಟಿಕೊಂಡು ಬಂದರು. ನಾವು ಅವರನ್ನು ಜೇನು ಮೇಷ್ಟ್ರು ಎನ್ನುತ್ತಿದ್ದೆವು. ಬೀದಿಯ ಬೇರೆ ಹೆಂಗಸರೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೋಡಿದರೆ ಅತ್ತೆ ಹೊರಗೆ ಬಂದು, ಮುಚ್ಚಳ ತೆಗೆಸಿ, ಬಗ್ಗಿ ನೋಡಿ, ‘ಇವಕ್ಕೆ ಉಲ್ಲು ಆಕಂಗಿಲ್ಲ, ಗಂಜಳ ಬಾಚಂಗಿಲ್ಲ. ಇಟ್ಟುಬುಟ್ಟು ಓಗಿ’ ಎಂದರಂತೆ. ನಾನು ಆ ಮನೆಗೆ ಕಾಲಿಡುವಷ್ಟರಲ್ಲಿ ಸೀಬೆಮರದ ಕೆಳಗೆ ಎರಡು ಪೆಟ್ಟಿಗೆಗಳು, ಇರುವೆ ಹತ್ತದಂತೆ ನಾಲ್ಕೂ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟುಕೊಂಡು, ಸಂಸಾರ ಹೂಡಿದ್ದವು.

ಮೊದಲ ವಾರವೇ ಒಂದು ಹುಳ ನನ್ನ ರೆಪ್ಪೆಗೆ ಕುಟುಕಿತು. ಸಂಜೆ ಕಚೇರಿಯಿಂದ ಬಂದ ಯಜಮಾನರು ನನ್ನ ಊದಿದ ಮುಖ ನೋಡಿ, ಅತ್ತೆ ಸೊಸೆಗೆ ಜಗಳವಾಗಿ ನಾನು ದಿನವಿಡೀ ಅತ್ತಿದ್ದೇನೆಂದು ತಿಳಿದು, ಏನೂ ಕೇಳದೆ ಲೈಬ್ರರಿಗೆ ಹೊರಟುಹೋದರು. ಅವರ ಸ್ವಭಾವವೇ ಹಾಗೆ. ಕಷ್ಟ ಕಂಡರೆ ಓದಲು ಹೋಗುತ್ತಿದ್ದರು.

ಆಮೇಲಾಮೇಲೆ ನನ್ನ ಭಯ ಹೋಯಿತು. ಮಧ್ಯಾಹ್ನ ಅಡುಗೆಮನೆ ಸಾರಿಸಿ ಹಿತ್ತಲ ಮೆಟ್ಟಿಲ ಮೇಲೆ ಕೂತರೆ, ಪೆಟ್ಟಿಗೆಗಳ ಗುಂಯ್‌ಗುಡುವಿಕೆ ಕಿವಿಯಿಂದಲ್ಲ, ಕಲ್ಲಿನಿಂದ ಮೈಯೊಳಗೆ ಏರುತ್ತಿತ್ತು. ಬೀದಿಯ ಹೊಂಗೆಮರಗಳು ಹೂ ಬಿಟ್ಟ ತಿಂಗಳಲ್ಲಂತೂ ಇಡೀ ಬಡಾವಣೆ ಅರೆನಿದ್ದೆಯಲ್ಲಿ ಯಾರೋ ಗುನುಗಿಕೊಳ್ಳುತ್ತಿರುವ ಹಾಗೆ ಇರುತ್ತಿತ್ತು. ಹುಳಗಳು ಕಾಲಿಗೆ ಹಳದಿ ಪರಾಗದ ಉಂಡೆ ಕಟ್ಟಿಕೊಂಡು ಬಂದು, ಬಾಗಿಲಲ್ಲಿ ಒಂದು ಕ್ಷಣ ಸುಧಾರಿಸಿಕೊಂಡು ಒಳಗೆ ಹೋಗುವುದನ್ನು ನೋಡುತ್ತಾ ನಾನು ಕೂತಲ್ಲೇ ತೂಕಡಿಸುತ್ತಿದ್ದೆ. ಅತ್ತೆ ಅವನ್ನು ಹುಳ ಎನ್ನುತ್ತಿರಲಿಲ್ಲ, ಉಡುಗೀರು ಎನ್ನುತ್ತಿದ್ದರು. ಅವು ಬಂದ ಮೇಲೆ ನಮ್ಮ ಬೇಲಿಯ ಕುಂಬಳದ ಹೀಚು ಉದುರುವುದು ನಿಂತಿತು, ಪಕ್ಕದ ಮನೆಯವರ ನುಗ್ಗೆಮರ ಮೈತುಂಬ ಕಾಯಿ ಬಿಟ್ಟಿತು. ನುಗ್ಗೆಕಾಯಿಯ ಕೀರ್ತಿಯನ್ನು ಪಕ್ಕದ ಮನೆಯವರು ತಾವು ಹಾಕಿದ ಬೂದಿಗೆ ಕೊಟ್ಟುಕೊಂಡರು. ಇನ್ನು ಜಗಲಿಯ ಕಂಬ ಕೊರೆಯುತ್ತಿದ್ದ ಕರಿ ದುಂಬಿಯ ಕಥೆ ಬೇರೆ. ಯಜಮಾನರು ಆ ತೂತಿಗೆ ಸೋಪು ತುರುಕಿ ಮುಚ್ಚುವರು, ಅತ್ತೆ ಕಡ್ಡಿಯಿಂದ ಸೋಪು ಕೀಳುವರು. ‘ಅದರ ಪಾಡಿಗೆ ಅದು ಮನೆ ಮಾಡ್ಕತ್ತೈತೆ, ನಿಂಗೇನ್ಲಾ?’

ಜೇನು ತೆಗೆದ ಮೇಲೆ ಉಳಿದ ಗೂಡಿನ ರಟ್ಟುಗಳನ್ನು ಅತ್ತೆ ನೀರಿನಲ್ಲಿ ಕುದಿಸಿ, ಹಳೇ ಪಂಚೆಯಲ್ಲಿ ಸೋಸಿ, ತಣಿದ ಮೇಲೆ ಮೇಣದ ಬಿಲ್ಲೆಗಳನ್ನು ತೆಗೆಯುತ್ತಿದ್ದರು. ಆಗ ಮುತ್ತೈದೆಯರಿಗೆ ಕುಂಕುಮ ನಿಲ್ಲಬೇಕಾದರೆ ಹಣೆಗೆ ಮೇಣ ಬೇಕು. ಬೀದಿಯವರೆಲ್ಲ ನಮ್ಮ ಮನೆಗೇ ಬರುತ್ತಿದ್ದರು. ಬೋಳು ಹಣೆಯ ನಮ್ಮ ಅತ್ತೆ ಒಬ್ಬೊಬ್ಬರಿಗೂ ಡಬ್ಬಿ ತುಂಬಿಕೊಟ್ಟು ‘ನೂರು ಕಾಲ ಇಟ್ಕೊ ತಾಯಿ’ ಎನ್ನುವರು. ಅದರಿಂದ ಅವರಿಗೆ ನೋವಾಗುತ್ತಿತ್ತೇ ಎಂದು ನಾನು ಆಗ ಯೋಚಿಸಲೇ ಇಲ್ಲ. ಹದಿನೆಂಟರ ವಯಸ್ಸಿನಲ್ಲಿ ನಮ್ಮ ನೋವಿನ ಹೊರತು ಬೇರೆ ಯಾರ ನೋವು ಕಾಣುತ್ತದೆ ಹೇಳಿ.

ಇಲ್ಲಿ ನಿಮಗೆ ಒಂದು ಮಾತಿನ ವಿಷಯ ಹೇಳಬೇಕು. ಅದಿಲ್ಲದೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಹಿರಿಯರ ಪ್ರಕಾರ ಅಶುಭದ ಮಾತು ಆಡಬಾರದು. ದೀಪ ಆರಿಸು ಎನ್ನಬಾರದು, ದೊಡ್ಡದು ಮಾಡು ಎನ್ನಬೇಕು. ಬಳೆ ಒಡೆಯಿತು ಎನ್ನಬಾರದು, ಬಳೆ ಹೆಚ್ಚಿತು ಎನ್ನಬೇಕು. ಕುಂಕುಮ ಮುಗಿದರೂ ಹೆಚ್ಚಿದೆ, ಅರಿಸಿನ ಮುಗಿದರೂ ಹೆಚ್ಚಿದೆ. ನಮ್ಮ ಅತ್ತೆಯಂತೂ ಈ ವಿಷಯದಲ್ಲಿ ಮಹಾ ಕಟ್ಟುನಿಟ್ಟು. ಒಂದು ಸಲ ಜೇನು ಮೇಷ್ಟ್ರು ಪೆಟ್ಟಿಗೆ ನೋಡಿ, ‘ಅಮ್ಮಾವ್ರೇ, ಹುಳ ತುಂಬಿಕೊಂಡಿದೆ ಕಣ್ರೀ. ಒಳಗೆ ಹೊಸ ರಾಣಿ ಎದ್ದರೆ ಹಳೇ ರಾಣಿ ಅರ್ಧ ಹುಳ ಕರಕೊಂಡು ಹೊರಟುಬಿಡುತ್ತೆ. ಸಂಸಾರ ಪಾಲಾಗುತ್ತೆ’ ಎಂದರು. ಜೇನಿನವರ ಭಾಷೆಯಲ್ಲಿ ಅದಕ್ಕೆ ಪಾಲಾಗುವುದು ಎಂದೇ ಹೆಸರು. ಅತ್ತೆ ಕಿವಿ ಮುಚ್ಚಿಕೊಂಡರು.

‘ಬುಡ್ತು ಅನ್ನಿ! ಒಕ್ಕಲು ಮನೇಲಿ ಪಾಲು ಗೀಲು ಅಂತೀರಲ್ಲ ಮೇಷ್ಟ್ರೇ. ಒಂದು ಓಗಿ ಎಲ್ಡಾಯ್ತದೆ ತಾನೆ? ಸಂಸಾರ ಎಚ್ಚೈತೆ ಅನ್ನಿ.’

ಮೇಷ್ಟ್ರು ನಕ್ಕು ಒಪ್ಪಿಕೊಂಡರು. ಅಂದಿನಿಂದ ನಮ್ಮ ಮನೆಯಲ್ಲಿ ಜೇನು ಪಾಲಾಗಲಿಲ್ಲ, ಹೆಚ್ಚುತ್ತಿತ್ತು. ಹೆಚ್ಚಿದಾಗಲೆಲ್ಲ ಆ ಹೊಸ ಸಂಸಾರವನ್ನು ಯಾರಾದರೂ ಬೇಕೆಂದವರಿಗೆ ಕೊಟ್ಟುಬಿಡುತ್ತಿದ್ದರು. ಯಾದವಗಿರಿಯ ಎಷ್ಟೋ ಬಂಗಲೆಗಳ ತೋಟಕ್ಕೆ ನಮ್ಮ ಸೀಬೆಮರದ ಹುಡುಗಿಯರು ಹೋಗಿದ್ದಾರೆ.

ಆದರೆ ನನ್ನ ಸಂಸಾರ ಹೆಚ್ಚಲಿಲ್ಲ. ಎರಡು ವರ್ಷ, ಮೂರು, ಐದು. ನಂಜನಗೂಡು ಆಯಿತು, ನಾಟಿ ಔಷಧಿ ಆಯಿತು, ದೊಡ್ಡಾಸ್ಪತ್ರೆಯೂ ಆಯಿತು. ಪ್ರತಿ ತಿಂಗಳೂ ಹಿತ್ತಲ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ. ಅತ್ತೆ ಬಾಯಿಬಿಟ್ಟು ಒಂದು ಮಾತು ಅಂದವರಲ್ಲ. ಅದೇ ನನಗೆ ಹೆದರಿಕೆ. ಪಕ್ಕದ ಮನೆಯ ಪುಟ್ಟತಾಯಮ್ಮನಂತೂ ಮೇಣ ಒಯ್ಯಲು ಬಂದು, ನಾನು ಒಳಗಿದ್ದೇನೆಂದು ಗೊತ್ತಿದ್ದೇ ಗಟ್ಟಿಯಾಗಿ, ‘ಇರೋನೊಬ್ಬ ಮಗ. ಇನ್ನೊಂದು ಹೆಣ್ಣು ನೋಡಬಾರದಾ? ಯಾರು ಬೇಡ ಅಂತಾರೆ?’ ಎಂದಳು. ಬಾಗಿಲ ಹಿಂದೆ ನಾನು ಮೊರ ಕೆಳಗಿಟ್ಟು ಕಿವಿಗೊಟ್ಟೆ. ಅತ್ತೆ ಮೇಣ ಒತ್ತುತ್ತಲೇ ಕೇಳಿದರು:

‘ಪುಟ್ಟತಾಯಿ, ಆ ಪೆಟ್ಟಿಗೇಲಿ ಅಷ್ಟೊಂದು ಉಡುಗೀರವ್ರಲ್ಲ, ಅವರಲ್ಲಿ ಮೊಟ್ಟೆ ಇಡೋರು ಎಷ್ಟು ಜನ ಗೊತ್ತಾ?’

‘ನಂಗೇನು ಗೊತ್ತಮ್ಮ?’

‘ಒಬ್ಬಳು. ಮಿಕ್ಕೋರೆಲ್ಲ ಮನೆ ನಡೆಸೋರು. ತಗೋ ನಿನ್ನ ಡಬ್ಬಿ.’

ಆ ಉತ್ತರ ಕೇಳಿ ನನಗೆ ಧೈರ್ಯ ಬರಬೇಕಿತ್ತು. ಬರಲಿಲ್ಲ. ಇವತ್ತು ಹೀಗೆ ಅಂದವರು ನಾಳೆ ಏನನ್ನುತ್ತಾರೋ ಎಂದುಕೊಂಡೆ.

ಅತ್ತೆಯ ಇನ್ನೊಂದು ವಿಚಿತ್ರವನ್ನೂ ಹೇಳಿಬಿಡುತ್ತೇನೆ. ಅವರು ಜೇನು ಬಾಯಿಗೆ ಹಾಕುತ್ತಿರಲಿಲ್ಲ. ಬಾಣಂತಿಯರಿಗೆ, ಕೆಮ್ಮಿನವರಿಗೆ, ದೇವಸ್ಥಾನದ ಪಂಚಾಮೃತಕ್ಕೆ ಎಲ್ಲ ಧಾರಾಳವಾಗಿ ಕೊಟ್ಟು, ಬೆರಳಿಗೆ ಅಂಟಿದ್ದನ್ನೂ ನೆಕ್ಕದೆ ನೀರಲ್ಲಿ ತೊಳೆದುಕೊಳ್ಳುತ್ತಿದ್ದರು. ಕೇಳಿದರೆ, ‘ನಂಗೆ ಪಿತ್ತ ಕಣೆ, ಆಗಾಕಿಲ್ಲ’. ಮೊದಮೊದಲು ತಿನ್ನುತ್ತಿದ್ದರು, ನಡುವೆ ಎಂದೋ ಬಿಟ್ಟರು. ಪಿತ್ತ ಇರಬಹುದು ಎಂದು ನಾನೂ ನಂಬಿದ್ದೆ.

ನಮ್ಮ ಮದುವೆಯಾದ ಆರನೆಯ ವರ್ಷ ಸಾವಿತ್ರಿಗೆ ಮೂರನೆಯ ಮಗುವಾಯಿತು. ಬಾಣಂತನಕ್ಕೆಂದು ಅತ್ತೆ ಹಾಸನಕ್ಕೆ ಹೋದರು. ಹೋಗುವಾಗ ನನಗೆ ಮನೆಯನ್ನಲ್ಲ, ಪೆಟ್ಟಿಗೆಗಳನ್ನು ಒಪ್ಪಿಸಿ ಹೋದರು. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ, ಇದ್ದಕ್ಕಿದ್ದಂತೆ ದೊಡ್ಡ ಪೆಟ್ಟಿಗೆಯ ಬಾಯಿಂದ ಹುಳ ಉಕ್ಕತೊಡಗಿತು. ಹಾಲು ಉಕ್ಕಿದರೆ ನೀರು ಚಿಮುಕಿಸಬಹುದು, ಇದಕ್ಕೇನು ಮಾಡುವುದು? ಹಿತ್ತಲ ಆಕಾಶವೆಲ್ಲ ಕಪ್ಪು ಚುಕ್ಕೆಗಳಾಗಿ ಸುತ್ತಿ ಸುತ್ತಿ, ಕೊನೆಗೆ ಸೀಬೆಕೊಂಬೆಗೆ ಗಡ್ಡದ ಹಾಗೆ ಇಳಿಬಿದ್ದವು. ಯಜಮಾನರು ಮಳೆಕೋಟು ತೊಟ್ಟು, ತಲೆಗೆ ನನ್ನ ಹಳೇ ಸೀರೆ ಸುತ್ತಿ, ಏಣಿ ಹತ್ತಿದರು. ಒಂದು ಕೈಯಲ್ಲಿ ಕೊಡೆ ಯಾಕಿತ್ತೋ ಅವರಿಗೇ ಗೊತ್ತಿಲ್ಲ. ಇಬ್ಬರೂ ಸೇರಿ ನೀರು ಚಿಮುಕಿಸಿ, ಅಗಲ ಬಾಯಿಯ ಮಡಕೆಯೊಳಕ್ಕೆ ಆ ಗೊಂಚಲನ್ನು ಕೊಡವಿ ಇಳಿಸಿದೆವು. ಇಳಿಸಿದ್ದೇನೋ ಆಯಿತು, ಮುಂದೆ? ಮನೆಯಲ್ಲಿ ಖಾಲಿ ಪೆಟ್ಟಿಗೆ ಇಲ್ಲ. ಮೇಷ್ಟ್ರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಮಡಕೆ ಬಿಟ್ಟು ಎದ್ದುಹೋದರೆ ಅತ್ತೆಗೆ ಏನು ಹೇಳಲಿ?

ಅಂದೇ ಒಂದು ಕಾರ್ಡು ಬರೆದೆ. ನಾನು ಲೋವರ್ ಸೆಕೆಂಡರಿ ಪಾಸು ಮಾಡಿದ ಜಾಣೆ. ಅತ್ತೆಯ ಬಾಯಲ್ಲಿ ‘ಎಚ್ಚೈತೆ’ ಆಗಿದ್ದುದನ್ನು ತಿದ್ದಿ, ಮುತ್ತಿನಂಥ ಅಕ್ಷರದಲ್ಲಿ ಶುದ್ಧವಾಗಿ ಬರೆದೆ: ‘ಇಲ್ಲಿ ಸಂಸಾರ ಹೆಚ್ಚಿದೆ. ಇವರಿಗೂ ಭಯ, ನನಗೂ ಭಯ. ಏನು ಮಾಡಬೇಕೋ ತಿಳಿಯದು, ಊಟ ನಿದ್ದೆ ಸೇರುತ್ತಿಲ್ಲ. ಬೇಗ ಬನ್ನಿ.’ ಮಿಕ್ಕ ಜಾಗದಲ್ಲಿ ಬಾಣಂತಿಗೆ, ಮಗುವಿಗೆ, ಹಾಸನದ ಹಿರಿಯರಿಗೆ ನಮಸ್ಕಾರ ಆಶೀರ್ವಾದಗಳು. ಜೇನು ಎಂಬ ಪದ ಕಾರ್ಡಿನ ಎರಡು ಬದಿಯಲ್ಲೂ ಎಲ್ಲೂ ಇರಲಿಲ್ಲ.

ಐದನೆಯ ದಿನ ಸಾವಿತ್ರಿಯ ಉತ್ತರ ಬಂತು. ಅದನ್ನು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಓದಿದೆ.

‘ಅತ್ತಿಗೆ, ನಿಮ್ಮ ಶುಭಸಮಾಚಾರ ಓದಿ ನಮಗೆ ಆದ ಸಂತೋಷ ಹೇಳತೀರದು. ಭಾರ ಎತ್ತಬೇಡಿ, ಪರಂಗಿ ಹಣ್ಣು ಮುಟ್ಟಬೇಡಿ. ನಾನೇ ಕಾರ್ಡನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಎದ್ದು ಕಾಲು ತೊಳೆದು, ದೇವರ ಮುಂದೆ ನಿಂತು, ಜೇನುತುಪ್ಪ ಕೊಡೆ ಎಂದು ಕೇಳಿ ಬಾಯಿಗೆ ಹಾಕಿಕೊಂಡರು. ನಿಮಗೆ ಗೊತ್ತೋ ಇಲ್ಲವೋ, ಮೂರು ವರ್ಷದ ಕೆಳಗೆ ಬೆಟ್ಟದ ತಾಯಿಯ ಮುಂದೆ, ಮನೆಯಲ್ಲಿ ಸಂಸಾರ ಹೆಚ್ಚುವ ತನಕ ಜೇನು ಮುಟ್ಟುವುದಿಲ್ಲ ಎಂದು ಹರಕೆ ಹೊತ್ತಿದ್ದರು. ಈಗ ತೀರಿತು. ಎರಡು ಮೂರು ದಿನ ಬಿಟ್ಟು ರೈಲಿಗೆ ಹೊರಟು ಬರುತ್ತಾರೆ.’

ಪಿತ್ತ ಎಂದು ನಾನು ನಂಬಿದ್ದ ಮೂರು ವರ್ಷ ಅವರು ಕೈ ತೊಳೆದುಕೊಂಡದ್ದು ನನಗಾಗಿ. ಈಗ ನನ್ನ ಶುದ್ಧ ಕನ್ನಡವನ್ನು ನಂಬಿ ಆ ಹರಕೆ ಮುರಿದಿದ್ದಾರೆ. ಸುಳ್ಳು ಎಂದು ಗೊತ್ತಾದ ಮೇಲೆ? ದೇವಿಗೆ ತಪ್ಪಿದಂತಾಯಿತು, ಅವರ ಆಸೆಯೂ ಮಣ್ಣಾಯಿತು. ಪುಟ್ಟತಾಯಮ್ಮನ ಮಾತು ಈ ಸಲ ಅವರಿಗೆ ಸರಿ ಎನ್ನಿಸದೆ ಇರುತ್ತದೆಯೇ? ಯಜಮಾನರಿಗೆ ಕಾರ್ಡು ತೋರಿಸಿದೆ. ಅವರು ಎರಡು ಸಲ ಓದಿ, ‘ವಾಕ್ಯದಲ್ಲಿ ತಪ್ಪೇನಿಲ್ಲ’ ಎಂದರು. ‘ಅಮ್ಮನಿಗೆ ನೀವು ಹೇಳ್ತೀರಾ?’ ಎಂದರೆ, ‘ಹೆಂಗಸರ ವಿಷಯ, ನೀನೇ ಹೇಳು’ ಎಂದು ಲೈಬ್ರರಿಗೆ ಹೋದರು.

ಮರುದಿನ ಮಧ್ಯಾಹ್ನ ಗೇಟಿನ ಮುಂದೆ ಜಟಕಾ ನಿಂತಿತು. ಅತ್ತೆ ಇಳಿದು ಒಳಗೆ ಬಂದರು. ನನ್ನನ್ನು ಆಪಾದಮಸ್ತಕ ನೋಡಿದರು. ನಾನು ಅವರ ಕಾಲ ಮೇಲೆ ಬಿದ್ದು, ‘ಅಲ್ಲ ಅತ್ತೆ, ನಾನಲ್ಲ. ಹೆಚ್ಚಿದ್ದು ಪೆಟ್ಟಿಗೆಯದು. ನಾನು ಜೇನು ಅಂತ ಬರೀಲಿಲ್ಲ. ತಪ್ಪಾಯ್ತು’ ಎಂದು ಗೋಳೋ ಎಂದು ಅತ್ತುಬಿಟ್ಟೆ. ಯಜಮಾನರು ಕಂಬದ ಹಿಂದೆ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಎಷ್ಟು ಹೊತ್ತು ಹಾಗೆ ಬಿದ್ದಿದ್ದೆನೋ ಕಾಣೆ. ಅತ್ತೆ ನನ್ನ ರೆಟ್ಟೆ ಹಿಡಿದು ಎತ್ತಿ ಕೂರಿಸಿದರು.

‘ಅಯ್ಯೋ, ಜೇನಾ! ಅದಕ್ಯಾಕೆ ಇಂಗೆ ಅಳ್ತೀಯೆ? ಉಡುಗೀರು ಎಲ್ಲವ್ರೆ?’

‘ಮಡಕೆಯಲ್ಲಿ.’

‘ಓಗ್ಲಿಲ್ಲ ತಾನೆ? ಮತ್ತಿನ್ನೇನು.’

‘ನಿಮ್ಮ ಹರಕೆ, ಅತ್ತೆ...’

ಅವರು ಜಗಲಿಯ ಮೇಲೆ ಕಾಲು ಚಾಚಿ ಕೂತು, ಸೆರಗಿನಿಂದ ಕತ್ತು ಒರೆಸಿಕೊಂಡರು. ‘ನಾನು ತಾಯಿ ತಾವ ಏನಂದಿದ್ದೆ? ಮನೇಲಿ ಸಂಸಾರ ಎಚ್ಚಲಿ, ಆಮ್ಯಾಕೆ ಜೇನು ಮುಟ್ತೀನಿ ಅಂದಿದ್ದೆ. ಎಚ್ಚಲಿಲ್ವಾ? ಯಾವ ಸಂಸಾರ ಅಂತ ನಾನೂ ಯೋಳಿರ್ಲಿಲ್ಲ, ಅವಳೂ ಕೇಳಿರ್ಲಿಲ್ಲ. ಅವಳು ಕೊಟ್ಲು, ನಾನು ತಿಂದೆ. ಮುಗೀತು.’

ಯಜಮಾನರಿಗೆ ಅದೇ ಹೊತ್ತಿಗೆ ಧೈರ್ಯ ಬರಬೇಕೇ? ಕಂಬದ ಹಿಂದಿನಿಂದ, ‘ಅಮ್ಮ, ಉದ್ದೇಶ ಬೇರೆ ಇತ್ತಲ್ಲ. ಹಾಗೆ ಅರ್ಥ ಮಾಡಿದರೆ ಸಲ್ಲೋದಿಲ್ಲ’ ಎಂದರು.

‘ನೀನು ಸುಮ್ಕಿರ್ಲಾ. ಇದೇನು ನಿಮ್ಮ ಕೋರ್ಟಾ? ಉದ್ದೇಶ ಗಿದ್ದೇಶ ನನ್ನ ಅವಳ ಮಧ್ಯದ್ದು.’ ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, ‘ಒಳಗಿಂದ ಸೀಸೆ ತಾ. ಹಾಸನದ ಜೇನು ನಮ್ಮ ಜೇನಿನಂಗೆ ಇರ್ಲಿಲ್ಲ ಕಣೆ’ ಎಂದರು. ತಂದುಕೊಟ್ಟೆ. ಅಂಗೈಯಲ್ಲಿ ಸುರಿದುಕೊಂಡು ಮಗುವಿನ ಹಾಗೆ ನೆಕ್ಕಿದರು. ‘ಇಷ್ಟು ಸಿಹಿ ಇತ್ತೇನೆ ಇದು! ಮರ್ತೇ ಓಗಿತ್ತು.’ ನನ್ನ ಅಂಗೈಗೂ ಸುರಿದರು. ಅಳುತ್ತಳುತ್ತಲೇ ತಿಂದೆ. ಸಂಜೆ ಇಬ್ಬರೂ ಸೇರಿ ಮಡಕೆಯ ಹುಡುಗಿಯರನ್ನು ಪೆಟ್ಟಿಗೆಗೆ ಸೇರಿಸಿದೆವು. ಆ ಸಂಸಾರವನ್ನು ಅತ್ತೆ ಯಾರಿಗೂ ಕೊಡಲಿಲ್ಲ.

ನಮಗೆ ಮಕ್ಕಳಾಗಲಿಲ್ಲ. ಆಗಬಹುದೇನೋ ಎಂದು ನೀವು ಕಾಯುತ್ತಿದ್ದರೆ ಹೇಳಿಬಿಡುತ್ತೇನೆ, ಆಗಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಅದರ ಮಾತೂ ಆಗಲಿಲ್ಲ. ಪುಟ್ಟತಾಯಮ್ಮ ಇನ್ನೊಮ್ಮೆ ಬಾಯಿ ತೆರೆಯಲು ಹೋದಾಗ ಅತ್ತೆ, ‘ನಮ್ಮನೆ ಅರಕೆ ತೀರಿ ವರ್ಸವಾಯ್ತು’ ಎಂದಷ್ಟೇ ಹೇಳಿ ಡಬ್ಬಿ ಕೈಗಿತ್ತರು. ಹತ್ತು ಹನ್ನೆರಡು ವರ್ಷ, ಅವರು ಕಣ್ಣು ಮುಚ್ಚುವ ತನಕ, ದಿನವೂ ಮಧ್ಯಾಹ್ನ ನಾವಿಬ್ಬರೂ ಹಿತ್ತಲ ಮೆಟ್ಟಿಲ ಮೇಲೆ ಕೂತು ಬೆರಳಲ್ಲಿ ಜೇನು ನೆಕ್ಕಿದ್ದೇವೆ. ನನ್ನ ಜೀವನದಲ್ಲಿ ಅದಕ್ಕಿಂತ ನೆಮ್ಮದಿಯ ಹೊತ್ತು ಬೇರೆ ಇರಲಿಲ್ಲ.

ಆದರೂ ಒಂದು ಮುಳ್ಳು ಉಳಿದೇ ಇತ್ತು. ಹಾಸನದಿಂದ ಮೈಸೂರಿಗೆ ಬರುವ ತನಕ ಆ ಮುದುಕಿ ರೈಲಿನಲ್ಲಿ ಮೊಮ್ಮಗುವಿನ ಕನಸು ಕಾಣುತ್ತಾ ಕೂತಿದ್ದರಲ್ಲ, ಅದನ್ನು ನಾನು ಕಿತ್ತುಕೊಂಡೆನಲ್ಲ ಎಂದು. ಅವರು ಹೋದ ಮೇಲೂ, ಬೆಟ್ಟಕ್ಕೆ ಹೋದಾಗಲೆಲ್ಲ, ತಾಯಿಗೆ ಕೈಮುಗಿಯುವ ಮೊದಲು ಮನಸ್ಸಿನಲ್ಲೇ ‘ತಪ್ಪಾಯಿತು ಅತ್ತೆ’ ಎನ್ನುತ್ತಿದ್ದೆ.

ಮದುವೆಮನೆಯಿಂದ ಬಂದು ಇದನ್ನೆಲ್ಲ ಬರೆಯಲು ಕೂತೆ. ಜಟಕಾ ನಿಂತದ್ದನ್ನು ಬರೆದು ಪೆನ್ನು ಕೆಳಗಿಟ್ಟು, ಅತ್ತೆ ಇಳಿದದ್ದನ್ನು ಮನಸ್ಸಿನಲ್ಲಿ ಇನ್ನೊಂದು ಸಲ ನೋಡಿದೆ. ಅಂದು ಕಣ್ಣೀರಿನಲ್ಲಿ ಕಂಡೂ ಕಾಣದ್ದು ಇವತ್ತು ಕಂಡಿತು. ಅತ್ತೆ ಇಳಿದ ಮೇಲೆ ಜಟಕಾದವನು ಹಿಂದಿನಿಂದ ಹಗ್ಗ ಬಿಚ್ಚಿ ಇನ್ನೊಂದನ್ನು ಇಳಿಸಿದ. ಮರದ ವಾಸನೆ ಇನ್ನೂ ಹೋಗಿರದ ಹೊಸ ಖಾಲಿ ಜೇನುಪೆಟ್ಟಿಗೆ. ಸಂಜೆ ನಾವು ಹುಳ ಸೇರಿಸಿದ್ದು ಅದಕ್ಕೇ. ಮನೆಯಲ್ಲಂತೂ ಬೇರೆ ಪೆಟ್ಟಿಗೆ ಇರಲಿಲ್ಲ.

ಸೊಸೆ ಬಸುರಿ ಎಂದು ನಂಬಿದವರು ಹಾಸನದಿಂದ ರೈಲಿನಲ್ಲಿ ಜೇನುಪೆಟ್ಟಿಗೆ ಯಾಕೆ ಹೊತ್ತು ತರುತ್ತಾರೆ? ‘ಸಂಸಾರ ಹೆಚ್ಚಿದೆ’ ಎಂಬ ಮಾತನ್ನು ಜೇನಿನ ಅರ್ಥದಲ್ಲಿ ಹುಟ್ಟಿಸಿದವರೇ ಅವರು. ಸಾವಿತ್ರಿ ತಪ್ಪು ತಿಳಿದಳು, ನಾನು ತಪ್ಪು ತಿಳಿದೆ. ಅವರು ತಿಳಿಯಲಿಲ್ಲ. ಸಾವಿತ್ರಿ ಕಾರ್ಡು ಓದಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತರಲ್ಲ, ಆಗಲೇ ನಿರ್ಧಾರ ಮಾಡಿದ್ದಾರೆ. ಹೊತ್ತ ಹರಕೆಯನ್ನು ಸುಮ್ಮನೆ ಇಳಿಸುವಂತಿಲ್ಲ, ತೀರಲೇಬೇಕು. ನನಗೆ ಮಕ್ಕಳಾಗಲಿ ಎಂದು ಕಾಯುವುದನ್ನು ನಿಲ್ಲಿಸಲು, ಇರುವ ನಾನೇ ಸಾಕು ಎಂದು ದೇವರಿಗೆ ಮರ್ಯಾದೆಯಿಂದ ಹೇಳಲು, ಅವರಿಗೊಂದು ದಾರಿ ಬೇಕಿತ್ತು. ನನ್ನ ಕಾರ್ಡು ಆ ದಾರಿ ಕೊಟ್ಟಿತು.

ನಾಳೆ ಬೆಟ್ಟಕ್ಕೆ ಹೋಗುವುದಿದೆ. ಇಷ್ಟು ವರ್ಷ ಹೇಳುತ್ತಾ ಬಂದ ತಪ್ಪಾಯಿತನ್ನು ಇನ್ನು ಹೇಳುವುದಿಲ್ಲ.